ಡಾಕ್ಟರರ ಮುಂದಿನ ಓದು: ಇಚ್ಛೆಯ ಪಟ್ಟಿಯನ್ನು ಬರೆಯುವ ಬಗೆ

ಕನ್ನಡ ಪಂಡಿತನಿಗೂ ವೈದ್ಯಕೀಯ ಕಾಲೇಜಿನ ಸೀಟಿಗೂ ಏನು ನಂಟು ಎಂದು ಓದುಗರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಸಣ್ಣ ಊರಿನ ಹೈಸ್ಕೂಲು ಮೇಷ್ಟರಿಗೆ ಪಾಠ ಹೇಳುವುದಲ್ಲದೆ ಸಂಬಳವಿಲ್ಲದ ಇನ್ನೊಂದು ಉದ್ಯೋಗವೂ ಉಂಟು. ಊರವರ ಅರ್ಜಿಗಳನ್ನು ತುಂಬಿಕೊಡುವುದು ಅದು. ನಾನು ಹೊಳೆನರಸೀಪುರದಲ್ಲಿದ್ದಾಗಲೂ ಅರಕಲಗೂಡಿನಲ್ಲಿದ್ದಾಗಲೂ ಸಂಜೆಯ ಹೊತ್ತು ಮನೆಯ ಜಗಲಿಯ ಮೇಲೆ ಯಾರಾದರೊಬ್ಬರು ಕಾಗದ ಹಿಡಿದು ಕುಳಿತಿರುತ್ತಿದ್ದರು. ಪಹಣಿಯ ಅರ್ಜಿ, ಪಿಂಚಣಿಯ ಅರ್ಜಿ, ಹಾಸ್ಟೆಲಿನ ಅರ್ಜಿ. ಈಗ ಹಾಸನಕ್ಕೆ ಬಂದ ಮೇಲೆ ಕಾಗದ ಹೋಗಿ ಕಂಪ್ಯೂಟರು ಬಂದಿದೆ. ಜಗಲಿ ಇಲ್ಲ, ಆದರೆ ಬರುವವರು ಬರುತ್ತಲೇ ಇದ್ದಾರೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಡಾಕ್ಟರಾದವರು ಕೆಲವರಿದ್ದಾರೆ. ಎಂ.ಬಿ.ಬಿ.ಎಸ್. ಮುಗಿಸಿ ಮುಂದಿನ ಓದಿಗೆ ಹೊರಟವರು ಹಳೆಯ ಅಭ್ಯಾಸದಿಂದ ನನ್ನನ್ನೂ ಒಂದು ಮಾತು ಕೇಳುತ್ತಾರೆ.

ಹಾಗೆ ಕೇಳಿದ ಒಬ್ಬನಿಗೆ ನಾನು ತಪ್ಪು ಹೇಳಿದೆ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಅವನು ಅರಕಲಗೂಡಿನ ಹುಡುಗ. ಮಕ್ಕಳ ಡಾಕ್ಟರಾಗಬೇಕೆಂಬುದು ಅವನಿಗೆ ಹೈಸ್ಕೂಲಿನಿಂದಲೂ ಇದ್ದ ಆಸೆ. ಪರೀಕ್ಷೆಯಲ್ಲಿ ಒಳ್ಳೆಯದೂ ಅಲ್ಲದ ಕೆಟ್ಟದೂ ಅಲ್ಲದ ಶ್ರೇಯಾಂಕ ಬಂದಿತ್ತು. ಇಚ್ಛೆಗಳ ಪಟ್ಟಿಯನ್ನು ಬರೆದು ತಂದಿದ್ದ; ಮೊದಲನೆಯ ಸಾಲಿನಲ್ಲಿ ಒಂದು ಸರ್ಕಾರಿ ಕಾಲೇಜಿನ ಮಕ್ಕಳ ವಿಭಾಗ. ನಾನು ಹಿಂದಿನ ವರ್ಷದ ಲೆಕ್ಕ ತೆಗೆಸಿ ನೋಡಿದೆ. ಆ ಸೀಟು ಅವನಿಗಿಂತ ಸಾಕಷ್ಟು ಮುಂದಿದ್ದವರಿಗೇ ಮುಗಿದುಹೋಗಿತ್ತು. "ಸಿಗದಿರುವುದನ್ನು ತಲೆಯ ಮೇಲೆ ಬರೆದು ಏಕೆ ಕೆಡಿಸಿಕೊಳ್ಳುತ್ತೀಯಪ್ಪ? ಸಿಗುವುದನ್ನು ಮೇಲೆ ಬರೆ" ಎಂದೆ. ಅವನು ಮೇಷ್ಟರ ಮಾತೆಂದು ಅರಿವಳಿಕೆ ವಿಭಾಗವನ್ನು ಮೊದಲು ಬರೆದು, ಮಕ್ಕಳ ವಿಭಾಗವನ್ನು ಆರನೆಯದಾಗಿ ಇಟ್ಟ. ಮೊದಲನೆಯದೇ ಸಿಕ್ಕಿತು. ನಾನು ಬೀಗಿದೆ. ಎರಡು ದಿನದ ಮೇಲೆ ಪೂರ್ಣ ಫಲಿತಾಂಶ ಪ್ರಕಟವಾದಾಗ ನೋಡಿದರೆ, ಅವನು ಬಯಸಿದ ಆ ಮಕ್ಕಳ ವಿಭಾಗದ ಸೀಟು ಅವನಿಗಿಂತ ಹಿಂದಿನ ಶ್ರೇಯಾಂಕದವನೊಬ್ಬನಿಗೆ ಹೋಗಿತ್ತು. ಆ ವರ್ಷ ಆ ಕಡೆಗೆ ಬೇಡಿಕೆ ಕಡಿಮೆಯಾಗಿತ್ತು, ಅಷ್ಟೆ. ಹುಡುಗ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನು ಈ ವ್ಯವಸ್ಥೆ ನಡೆಯುವ ಬಗೆಯನ್ನು ಮೊದಲಿನಿಂದ ಕಲಿತೆ. ಕಲಿತದ್ದನ್ನು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮಕ್ಕಳನ್ನು ಡಾಕ್ಟರ ಓದಿಗೆ ಕಳುಹಿಸಿದ ತಂದೆತಾಯಿಗಳಿಗೆ ಹೇಳುವುದು ನನ್ನ ಸಾಲವೆಂದು ತಿಳಿದಿದ್ದೇನೆ.

ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಆಸ್ಪತ್ರೆಯ ತರಬೇತಿ. ಅಲ್ಲಿಂದ ಮುಂದೆ ಒಂದು ವಿಭಾಗದಲ್ಲಿ ತಜ್ಞರಾಗಬೇಕಾದರೆ ಎಂ.ಡಿ. ಅಥವಾ ಎಂ.ಎಸ್., ಇಲ್ಲವೆ ಡಿ.ಎನ್.ಬಿ.; ಇನ್ನೂ 3 ವರ್ಷ. ಇವುಗಳಿಗೆ ಇಡೀ ದೇಶಕ್ಕೆ ಒಂದೇ ಪ್ರವೇಶ ಪರೀಕ್ಷೆ ಇದೆ. ಅದನ್ನು ನೀಟ್ ಪಿ.ಜಿ. ಎನ್ನುತ್ತಾರೆ. ಇದು 2013ರ ಪ್ರವೇಶಕ್ಕಾಗಿ ಮೊದಲು ನಡೆಯಿತು, 2013ರಲ್ಲೇ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು, 2016ರಲ್ಲಿ ಆ ತೀರ್ಪನ್ನೇ ಹಿಂದೆಗೆದುಕೊಂಡಿತು, 2017ರಿಂದ ಪರೀಕ್ಷೆ ನೆಲೆನಿಂತಿತು. 200 ಪ್ರಶ್ನೆ, ಸರಿಯಾದುದಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಬೆಂಗಳೂರಿನ ನಿಮ್ಹಾನ್ಸ್, ದೆಹಲಿಯ ಏಮ್ಸ್, ಪುದುಚೇರಿಯ ಜಿಪ್ಮರ್ ಮೊದಲಾದ ಕೆಲವು ರಾಷ್ಟ್ರೀಯ ಸಂಸ್ಥೆಗಳಿಗೆ ಬೇರೆಯ ಪರೀಕ್ಷೆ. ಅದು ವರ್ಷಕ್ಕೆರಡು ಸಲ.

ಪರೀಕ್ಷೆ ಕೊಡುವುದು ಶ್ರೇಯಾಂಕವನ್ನು ಮಾತ್ರ. ಸೀಟನ್ನು ಕೊಡುವವರು ಬೇರೆ, ಅವರೂ ಇಬ್ಬರು. ಸರ್ಕಾರಿ ಕಾಲೇಜುಗಳ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾ. ಅದನ್ನು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ ಹಂಚುತ್ತದೆ. ಉಳಿದರ್ಧವನ್ನೂ ರಾಜ್ಯದ ಖಾಸಗಿ ಕಾಲೇಜುಗಳ ಸೀಟುಗಳನ್ನೂ ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಇಲ್ಲಿ ಅನೇಕರು ಎಡವುತ್ತಾರೆ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜು ನಮ್ಮ ಪಕ್ಕದ ಊರಿನಲ್ಲೇ ಇದ್ದರೂ, ಮಣಿಪಾಲದ ಕಾಲೇಜು ನಮ್ಮ ರಾಜ್ಯದಲ್ಲೇ ಇದ್ದರೂ, ಅವು ಡೀಮ್ಡ್ ವಿಶ್ವವಿದ್ಯಾನಿಲಯಗಳಿಗೆ ಸೇರಿದವು. ಅವುಗಳ ಸೀಟು ದೆಹಲಿಯ ಸಮಿತಿಯ ಪಟ್ಟಿಯಲ್ಲಿರುತ್ತದೆ. ಬೆಂಗಳೂರಿನ ಪಟ್ಟಿಯಲ್ಲಿ ಹುಡುಕಿ ಕಾಣಲಿಲ್ಲವೆಂದು ನಿರಾಶರಾಗಿ ಕೂತವರನ್ನು ನಾನು ಬಲ್ಲೆ.

ಇನ್ನು ಹಂಚಿಕೆಯ ಬಗೆ. ಇದನ್ನು ನಾನು ಒಂದು ಹೋಲಿಕೆಯಿಂದ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ವಾರ್ಷಿಕೋತ್ಸವದ ದಿನ ಇಪ್ಪತ್ತು ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ, ಮೊದಲ ಇಪ್ಪತ್ತು ಸ್ಥಾನ ಗಳಿಸಿದ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಯುವ ಪದ್ಧತಿ ಇಟ್ಟುಕೊಂಡಿದ್ದೆವು. ಮೊದಲು ಬಂದವನು ತನಗೆ ಬೇಕಾದುದನ್ನು ಎತ್ತಿಕೊಳ್ಳುತ್ತಾನೆ, ಎರಡನೆಯವನು ಉಳಿದುದರಲ್ಲಿ ಬೇಕಾದುದನ್ನು, ಹೀಗೆ. ಒಂದು ವರ್ಷ ಒಂಬತ್ತನೆಯ ಸ್ಥಾನದ ಹುಡುಗನಿಗೆ ಜ್ವರ ಬಂತು. ಅವನು ಒಂದು ಚೀಟಿ ಬರೆದು ಕಳುಹಿಸಿದ: ನನಗೆ ನಿಘಂಟು ಬೇಕು, ಅದು ಹೋಗಿದ್ದರೆ ಭೂಪಟದ ಪುಸ್ತಕ, ಅದೂ ಹೋಗಿದ್ದರೆ ಕಥೆಯ ಪುಸ್ತಕ. ಅವನ ಸರದಿ ಬಂದಾಗ ನಮ್ಮ ಜವಾನ ಚೀಟಿ ಹಿಡಿದು ಹೋಗಿ, ಮೇಜಿನ ಮೇಲೆ ನಿಘಂಟು ಇದೆಯೇ ಎಂದು ನೋಡಿದ. ಇತ್ತು. ಎತ್ತಿಕೊಂಡ.

ಕಂಪ್ಯೂಟರು ಮಾಡುವುದು ಆ ಜವಾನನ ಕೆಲಸವನ್ನೇ. ಶ್ರೇಯಾಂಕದ ಕ್ರಮದಲ್ಲಿ ಒಬ್ಬೊಬ್ಬರ ಚೀಟಿಯನ್ನು ತೆಗೆದುಕೊಳ್ಳುತ್ತದೆ. ಮೀಸಲಾತಿಯ ವರ್ಗಗಳನ್ನು ಗಮನಿಸಿ, ಮೊದಲನೆಯ ಇಚ್ಛೆ ಖಾಲಿ ಇದೆಯೇ ಎಂದು ನೋಡುತ್ತದೆ. ಇಲ್ಲವಾದರೆ ಎರಡನೆಯದು, ಮೂರನೆಯದು, ನಲವತ್ತನೆಯದು. ಖಾಲಿ ಇರುವುದು ಕಂಡ ಕೂಡಲೆ ನಿಲ್ಲುತ್ತದೆ. ನಿಮ್ಮ ಸರದಿ ಯಾವಾಗ ಬರುತ್ತದೆಂಬುದನ್ನು ಶ್ರೇಯಾಂಕ ಗೊತ್ತುಮಾಡಿ ಆಗಿದೆ. ಸಿಗದ ಸೀಟನ್ನು ಮೇಲೆ ಬರೆದದ್ದರಿಂದ ನಿಮ್ಮ ಸರದಿ ಹಿಂದಕ್ಕೆ ಹೋಗುವುದಿಲ್ಲ. ಮೇಲಿನ ಐದು ಸಾಲುಗಳೂ ಹುಸಿಯಾದರೆ ಆರನೆಯ ಸಾಲಿಗೆ ನೀವು ಬರುವುದು, ಅದನ್ನು ಮೊದಲನೆಯದಾಗಿ ಬರೆದಿದ್ದರೆ ಬರುತ್ತಿದ್ದಷ್ಟೇ ಹಕ್ಕಿನಿಂದ. ನಾನು ಅರಕಲಗೂಡಿನ ಹುಡುಗನಿಗೆ ಹೇಳಿದ್ದು, ನಿಘಂಟು ಹೋಗಿರುತ್ತದೆಂದು ಊಹಿಸಿ ಕಥೆಯ ಪುಸ್ತಕವನ್ನೇ ಮೊದಲು ಬರೆ ಎಂದು. ಜವಾನ ಕಥೆಯ ಪುಸ್ತಕವನ್ನು ಎತ್ತಿಕೊಂಡ. ಪಕ್ಕದಲ್ಲೇ ನಿಘಂಟು ಬಿದ್ದಿತ್ತು.

ನನ್ನ ತಪ್ಪಿಗೆ ಒಂದು ಹಳೆಯ ಕಾರಣವಿದೆ. ಹಿಂದೆ ಸೀಟು ಹಂಚುವಾಗ ವಿದ್ಯಾರ್ಥಿಗಳನ್ನು ಬೆಂಗಳೂರಿಗೆ ಕರೆಸಿ, ಸಭಾಂಗಣದಲ್ಲಿ ಕೂರಿಸಿ, ಎದುರಿನ ಪರದೆಯ ಮೇಲೆ ಉಳಿದ ಸೀಟುಗಳ ಲೆಕ್ಕ ತೋರಿಸಿ, ಒಬ್ಬೊಬ್ಬರನ್ನು ಕೇಳುತ್ತಿದ್ದರು. ಇರುವುದು ಇಷ್ಟು, ನಿಮಗೆ ಯಾವುದು, ಹೇಳಿ! ಆಗ ಸಿಗುವುದನ್ನು ಮಾತ್ರ ಯೋಚಿಸಬೇಕಾಗಿತ್ತು, ಏಕೆಂದರೆ ಸಿಗದಿರುವುದು ಕಣ್ಣೆದುರಿಗೇ ಅಳಿಸಿಹೋಗಿರುತ್ತಿತ್ತು. ಈಗ ಉಳಿದುದೇನೆಂದು ತಿಳಿಯುವ ಮೊದಲೇ ಪಟ್ಟಿಯನ್ನು ಬರೆಯಬೇಕು. ನಾವು ಹಳೆಯ ಸಭಾಂಗಣದ ಬುದ್ಧಿಯನ್ನು ಹೊಸ ಚೀಟಿಗೆ ತಂದೆವು.

ಹಾಗಾದರೆ ಹಿಂದಿನ ವರ್ಷದ ಲೆಕ್ಕಗಳಿಂದ ಪ್ರಯೋಜನವೇ ಇಲ್ಲವೆ? ಇದೆ, ಪಟ್ಟಿಯ ತಲೆಯಲ್ಲಲ್ಲ, ಬುಡದಲ್ಲಿ. ಪಟ್ಟಿ ಎಷ್ಟು ಉದ್ದವಿರಬೇಕು, ಕೊನೆಯಲ್ಲಿ ಭದ್ರವಾದ ನಾಲ್ಕಾರು ಸೀಟುಗಳಿವೆಯೆ ಎಂಬುದನ್ನು ಅದರಿಂದ ತಿಳಿಯಬಹುದು. ಇಚ್ಛೆಗಳನ್ನು ಎಷ್ಟು ಬೇಕಾದರೂ ಬರೆಯಬಹುದಾಗಿರುವಾಗ ಹತ್ತಕ್ಕೇ ಕೈ ಹಿಡಿಯುವುದು ಅವಿವೇಕ. ಆದರೆ ಮೇಲಿನ ಕ್ರಮವನ್ನು ಆ ಲೆಕ್ಕ ನೋಡಿ ಬರೆದರೆ, ಹೋದ ವರ್ಷ ಯಾರೋ ಅಪರಿಚಿತರು ಏನನ್ನು ಬಯಸಿದರೋ ಅದನ್ನು ನಿಮ್ಮ ಮಗುವಿನ ಬಯಕೆಯೆಂದು ಬರೆದಂತಾಗುತ್ತದೆ. ಈಚಿನ ವರ್ಷಗಳಲ್ಲಿ ಕ್ಷಕಿರಣ ವಿಭಾಗ, ಚರ್ಮರೋಗ, ಸಾಮಾನ್ಯ ವೈದ್ಯ ವಿಭಾಗ ಇವು ಬಲು ಬೇಗ ಮುಗಿಯುತ್ತವೆ. ಅಂಗರಚನಾಶಾಸ್ತ್ರ, ಔಷಧಶಾಸ್ತ್ರ ಮೊದಲಾದವುಗಳಲ್ಲಿ ಕೊನೆಯ ತನಕ ಖಾಲಿ ಉಳಿಯುವುದುಂಟು. ಬೇಗ ಮುಗಿದದ್ದು ಹೆಚ್ಚಿನದು, ಉಳಿದದ್ದು ಕೀಳು ಎಂದು ತಿಳಿಯುವುದು ಸಂತೆಯ ಬುದ್ಧಿ.

ಈ ವಿಷಯದಲ್ಲಿ ಅಮೆರಿಕದ ಚರಿತ್ರೆ ಸ್ವಾರಸ್ಯವಾಗಿದೆ. ನಮ್ಮ ಜಿಲ್ಲೆಯ ಮಕ್ಕಳೂ ಕೆಲವರು ಆ ದಾರಿ ಹಿಡಿದಿರುವುದರಿಂದ ಹೇಳುತ್ತೇನೆ. 1940ರ ದಶಕದಲ್ಲಿ ಅಲ್ಲಿಯ ಆಸ್ಪತ್ರೆಗಳು ಹೊಸ ಡಾಕ್ಟರರನ್ನು ಹಿಡಿಯಲು ಒಂದರ ಮೇಲೊಂದು ಓಡತೊಡಗಿದವು. ವಿದ್ಯಾರ್ಥಿ ಪದವಿ ಪಡೆಯುವುದಕ್ಕೆ ಎರಡು ವರ್ಷ ಮೊದಲೇ ಕೆಲಸ ಗೊತ್ತುಮಾಡಿಬಿಡುವ ಮಟ್ಟಿಗೆ ಹೋಯಿತು. ಅದನ್ನು ತಡೆದದ್ದಾಯಿತು, ಆಗ ಉತ್ತರ ಕೊಡುವ ಗಡುವಿನ ಮೇಲೆ ಜಗಳ. ತಂತಿ ಬಂದ ಮೇಲೆ ಯೋಚಿಸಲು ಮೊದಲು ದಿನಗಳಿದ್ದವು, ಆಮೇಲೆ ಗಂಟೆಗಳಾದವು. ಎರಡನೆಯ ಆಯ್ಕೆಯ ಆಸ್ಪತ್ರೆ "ಈಗಲೇ ಹೇಳು" ಎನ್ನುತ್ತದೆ, ಮೊದಲನೆಯದರ ತಂತಿ ಇನ್ನೂ ಬಂದಿಲ್ಲ. ಹುಡುಗನ ಗತಿ ಏನು? ಕೊನೆಗೆ ವಿದ್ಯಾರ್ಥಿಗಳೂ ಆಸ್ಪತ್ರೆಗಳೂ ತಮ್ಮ ತಮ್ಮ ಇಚ್ಛೆಯ ಪಟ್ಟಿಯನ್ನು ಒಂದು ಕಡೆಗೆ ಕಳುಹಿಸಿ, ಅಲ್ಲಿ ಜೋಡಿಸುವ ಏರ್ಪಾಡು 1952ರಲ್ಲಿ ಜಾರಿಗೆ ಬಂತು. ಅದಕ್ಕೆ ಮುಂಚೆ ಪ್ರಯೋಗಕ್ಕಾಗಿ ಸೂಚಿಸಿದ್ದ ಕ್ರಮದಲ್ಲಿ ಒಂದು ದೋಷವಿತ್ತು: ತನಗೆ ನಿಜವಾಗಿ ಬೇಕಾದುದನ್ನು, ಸಿಗುವ ಭರವಸೆಯಿಲ್ಲದೆ, ಮೊದಲು ಬರೆದವನಿಗೆ ನಷ್ಟವಾಗುವಂತಿತ್ತು. ಅಂದರೆ ನಾನು ಅರಕಲಗೂಡಿನ ಹುಡುಗನಿಗೆ ಹೇಳಿದ ಬುದ್ಧಿ ಆ ಕ್ರಮಕ್ಕೆ ಸರಿಹೋಗುತ್ತಿತ್ತು! ಅದನ್ನು ಕಂಡುಹಿಡಿದವರು ಪ್ರೊಫೆಸರರಲ್ಲ, ವಿದ್ಯಾರ್ಥಿಗಳು. ಅವರು ಗಲಾಟೆ ಮಾಡಿ ಕ್ರಮವನ್ನು ಬದಲಾಯಿಸಿದರು.

1962ರಲ್ಲಿ ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ ಎಂಬ ಇಬ್ಬರು ಗಣಿತಜ್ಞರು ಇಂಥ ಜೋಡಣೆಯ ಲೆಕ್ಕವನ್ನು ಶಾಸ್ತ್ರೀಯವಾಗಿ ಬಿಡಿಸಿದರು. ಮುಂದೆ ಆಲ್ವಿನ್ ರಾತ್ ಎಂಬುವರು ಡಾಕ್ಟರರ ಜೋಡಣೆಯನ್ನೇ ಹಿಡಿದು ಪರೀಕ್ಷಿಸಿ, ಅಲ್ಲಿಯ ಕ್ರಮ ಆಸ್ಪತ್ರೆಗಳ ಕಡೆಗೆ ವಾಲಿದೆಯೆಂದು ತೋರಿಸಿದರು. 1998ರಿಂದ ಅದು ವಿದ್ಯಾರ್ಥಿಗಳ ಕಡೆಯಿಂದ ಹೊರಡುವಂತೆ ತಿದ್ದಲಾಯಿತು. ಶಾಪ್ಲಿಯವರಿಗೂ ರಾತ್ ಅವರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು. ಅಲ್ಲಿ ಆಸ್ಪತ್ರೆಗಳು ಸಂದರ್ಶನ ಮಾಡಿ ತಮ್ಮ ಪಟ್ಟಿಯನ್ನೂ ಬರೆಯುತ್ತವೆ. ಫಲ ತಿಳಿಯುವುದು ಮಾರ್ಚಿಯಲ್ಲಿ, ಎಲ್ಲರಿಗೂ ಒಂದೇ ದಿನ. ನಮ್ಮಲ್ಲಿ ಆಸ್ಪತ್ರೆಗೆ ಬಾಯಿಲ್ಲ, ಶ್ರೇಯಾಂಕವೇ ಎಲ್ಲ. ಆದುದರಿಂದ ಮನಸ್ಸಿನಲ್ಲಿರುವುದನ್ನೇ ಬರೆಯುವುದು ಅಲ್ಲಿ ಹೇಗೆ ಲಾಭವೋ ಇಲ್ಲಿ ಇನ್ನೂ ಸ್ಪಷ್ಟವಾಗಿ ಲಾಭ.

ಇಷ್ಟು ಹೇಳಿದ ಮೇಲೆ ನಮ್ಮ ಕ್ರಮದಲ್ಲಿ ಇರುವ ಒಂದು ಗುಂಡಿಯನ್ನೂ ತೋರಿಸಬೇಕು. ಇಲ್ಲಿ ಹಂಚಿಕೆ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಸುತ್ತುಗಳಿವೆ. ಮೊದಲ ಸುತ್ತಿನಲ್ಲಿ ಸೀಟು ಸಿಕ್ಕವನು ಅದನ್ನು ಕೈಯಲ್ಲಿಟ್ಟುಕೊಂಡು ಮೇಲಿನದಕ್ಕಾಗಿ ಎರಡನೆಯ ಸುತ್ತಿಗೆ ಹೋಗಬಹುದು. ಅಲ್ಲಿ ಮೇಲೆ ಬರೆದ ಒಂದು ಸೀಟು ಸಿಕ್ಕಿತೆಂದರೆ ಕೈಯಲ್ಲಿದ್ದದ್ದು ತಾನಾಗಿಯೇ ಬಿಟ್ಟುಹೋಗಿ ಮತ್ತೊಬ್ಬರಿಗೆ ಸೇರುತ್ತದೆ. "ನನಗೆ ಹಳೆಯದೇ ಇರಲಿ" ಎಂದರೆ ಕೇಳುವವರಿಲ್ಲ. ಆದಕಾರಣ ಎರಡನೆಯ ಸುತ್ತಿನಲ್ಲಿ, ಈಗಿರುವುದಕ್ಕಿಂತ ನಿಜವಾಗಿ ಹೆಚ್ಚು ಬೇಕಾದವುಗಳನ್ನು ಮಾತ್ರ ಉಳಿಸಿ, ಮಿಕ್ಕ ಸಾಲುಗಳನ್ನೆಲ್ಲ ಅಳಿಸಿಬಿಡಬೇಕು. ಮೊದಲ ಸುತ್ತಿನ ಪಟ್ಟಿಯನ್ನು ಹಾಗೆಯೇ ಬಿಟ್ಟು, ದೂರದ ಊರಿನ ಬೇಡದ ಸೀಟಿಗೆ ಜಾರಿದವರುಂಟು. ಮುಂದಿನ ಸುತ್ತುಗಳಿಗೆ ಹೋದಂತೆ ಬಿಟ್ಟುಬರುವ ದಾರಿಯೂ ಕಿರಿದಾಗುತ್ತದೆ. ಠೇವಣಿ ಮುಟ್ಟುಗೋಲಾಗುತ್ತದೆ, ಇನ್ನೊಂದು ಕಡೆಯ ಹಂಚಿಕೆಗೆ ಹೋಗುವ ಅರ್ಹತೆಯೂ ತಪ್ಪಬಹುದು. ಈ ಷರತ್ತುಗಳು ವರ್ಷ ವರ್ಷಕ್ಕೆ ಬದಲಾಗುತ್ತವೆ. ಹೋದ ವರ್ಷದ ಸ್ನೇಹಿತನ ಮಾತನ್ನು ನಂಬದೆ ಈ ವರ್ಷದ ಪ್ರಕಟಣೆಯನ್ನು, ಬೇಸರವಾದರೂ, ಎರಡು ಸಲ ಓದಬೇಕು. ಒಂದು ಉದಾಹರಣೆ ಹೇಳುವುದಾದರೆ, ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ವಾಸಸ್ಥಳದ ಆಧಾರದ ಮೇಲೆ ಮೀಸಲಾತಿ ಸಲ್ಲದೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಅದಕ್ಕೆ ಮುಂಚಿನ ಬುದ್ಧಿವಾದಗಳೆಲ್ಲ ಆಗ ಹಳತಾದವು.

ಸೀಟಿನ ಜಾತಿಯನ್ನೂ ನೋಡಿಕೊಳ್ಳಬೇಕು. ಒಂದೇ ಖಾಸಗಿ ಕಾಲೇಜಿನ ಒಂದೇ ವಿಭಾಗ ಪಟ್ಟಿಯಲ್ಲಿ ಎರಡು ಮೂರು ಕಡೆ ಕಾಣಿಸುತ್ತದೆ: ಸರ್ಕಾರಿ ಕೋಟಾ ಒಂದು, ಖಾಸಗಿ ಕೋಟಾ ಒಂದು, ಅನಿವಾಸಿ ಭಾರತೀಯರದು ಒಂದು. ಪಾಠ ಒಂದೇ, ಶುಲ್ಕ ಮಾತ್ರ ಅಜಗಜಾಂತರ. ಅವಸರದಲ್ಲಿ ಒಂದು ಸಾಲನ್ನು ತಪ್ಪಿ ಒತ್ತಿದರೆ ಜಮೀನಿನ ಪತ್ರವನ್ನು ಹುಡುಕಬೇಕಾದೀತು.

ಇನ್ನು ನಿಜವಾದ ಪ್ರಶ್ನೆ. ಮನಸ್ಸಿನಲ್ಲಿರುವುದನ್ನು ಬರೆ ಎಂದರೆ ಸಾಲದು, ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಬೇಕಲ್ಲ! ನಮ್ಮ ಭಾಷೆಯಲ್ಲಿ ತಾರತಮ್ಯ ಎಂಬ ಮಾತಿದೆ. ಈಗ ಅದನ್ನು ಭೇದಭಾವ, ಅನ್ಯಾಯ ಎಂಬ ಅರ್ಥದಲ್ಲಿಯೇ ಹೆಚ್ಚಾಗಿ ಬಳಸುತ್ತೇವೆ. ಆದರೆ ಅದು ಸಂಸ್ಕೃತದ ತರ, ತಮ ಎಂಬ ಎರಡು ಪ್ರತ್ಯಯಗಳಿಂದ ಆದ ಮಾತು. ಉಚ್ಚತರ, ಉಚ್ಚತಮ ಎನ್ನುವುದಿಲ್ಲವೆ, ಆ ತರ, ಆ ತಮ. ಎರಡರಲ್ಲಿ ಮೇಲಾದುದು ಯಾವುದು, ಎಲ್ಲದರಲ್ಲಿ ಮೇಲಾದುದು ಯಾವುದು ಎಂದು ತೂಗುವುದೇ ತಾರತಮ್ಯ. ನಲವತ್ತು ಸೀಟುಗಳನ್ನು ಒಮ್ಮೆಗೇ ತೂಗಲು ಯಾರಿಂದಲೂ ಆಗದು. ಎರಡೆರಡನ್ನೇ ಎದುರುಬದುರಿಟ್ಟು, "ಇವೆರಡೂ ಸಿಕ್ಕವೆಂದಿಟ್ಟುಕೊಳ್ಳೋಣ, ಯಾವುದಕ್ಕೆ ಹೋಗುತ್ತೀಯೆ?" ಎಂದು ಕೇಳುತ್ತ ಹೋದರೆ ಪಟ್ಟಿ ತಾನಾಗಿ ನಿಲ್ಲುತ್ತದೆ. ಕಾಗದದ ಚೂರುಗಳ ಮೇಲೆ ಒಂದೊಂದು ಸೀಟು ಬರೆದು ನೆಲದ ಮೇಲೆ ಹರಡಿ ಸರಿಸುವುದು ನನ್ನ ಪದ್ಧತಿ.

ಹೀಗೆ ತೂಗುವಾಗ ಮನೆಮನೆಯಲ್ಲಿ ಏಳುವ ವಾದ, ವಿಭಾಗ ಮುಖ್ಯವೋ ಕಾಲೇಜು ಮುಖ್ಯವೋ ಎಂಬುದು. ನನ್ನ ಅಭಿಪ್ರಾಯ ವಿಭಾಗದ ಕಡೆಗೆ. ಕಾಲೇಜು 3 ವರ್ಷ, ವಿಭಾಗ 35 ವರ್ಷ. ಆದರೆ ತನಗೆ ಯಾವ ವಿಭಾಗ ಬೇಕೆಂದು ಗಟ್ಟಿಯಾಗಿ ಗೊತ್ತಿಲ್ಲದವನು ಒಳ್ಳೆಯ ತರಬೇತಿಯ ಸ್ಥಳವನ್ನು ಹಿಡಿಯುವುದೇ ಲೇಸು. ಒಳ್ಳೆಯ ತರಬೇತಿ ಎಂದರೇನು? ಕಟ್ಟಡವಲ್ಲ. ಹೆಸರೂ ಪೂರ್ತಿಯಾಗಿ ಅಲ್ಲ. ಮೈಸೂರಿನ ವೈದ್ಯಕೀಯ ಕಾಲೇಜು 1924ರದು. ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದದ್ದು. ಬೆಂಗಳೂರಿನದು 1955ರದು, ಅದರ ವಿಕ್ಟೋರಿಯಾ ಆಸ್ಪತ್ರೆ 1900ರದು. ನಮ್ಮ ಹಾಸನದ ವೈದ್ಯಕೀಯ ಕಾಲೇಜು ಶುರುವಾದದ್ದು 2006ರಲ್ಲಿ, ಶ್ರೀ ಚಾಮರಾಜೇಂದ್ರ ಆಸ್ಪತ್ರೆಯನ್ನು ನೆಚ್ಚಿಕೊಂಡು. ಇಲ್ಲೂ ಈಗ ಸ್ನಾತಕೋತ್ತರ ಓದು ಇದೆ. ಹಳೆಯದರ ಹಿರಿಮೆ ಹಳೆಯದಕ್ಕೆ ಉಂಟು. ಆದರೆ ಹೆರಿಗೆ ವಿಭಾಗದಲ್ಲಿ ಕಲಿಯುವವಳು ತಿಳಿಯಬೇಕಾದದ್ದು, ಒಂದು ರಾತ್ರಿಯಲ್ಲಿ ಎಷ್ಟು ಹೆರಿಗೆ ಆಗುತ್ತವೆ, ಅದರಲ್ಲಿ ತನ್ನ ಕೈಗೆ ಎಷ್ಟು ಬರುತ್ತವೆ, ಕೈ ತಡವರಿಸಿದಾಗ ಹಿಂದೆ ನಿಂತು ಹೇಳಿಕೊಡುವ ಹಿರಿಯರಿದ್ದಾರೆಯೆ ಎಂಬುದನ್ನು. ರೋಗಿಗಳು ವಿಪರೀತವಿದ್ದು ಕಲಿಸುವವರಿಲ್ಲದಿದ್ದರೆ ತಪ್ಪನ್ನೇ ಸಾವಿರ ಸಲ ಅಭ್ಯಾಸ ಮಾಡಿದಂತೆ. ಕಲಿಸುವವರಿದ್ದು ರೋಗಿಗಳಿಲ್ಲದಿದ್ದರೆ ಕೆರೆಯ ದಡದಲ್ಲಿ ಈಜು ಕಲಿತಂತೆ.

ಇವನ್ನು ತಿಳಿಯುವುದು ಹೇಗೆ? ಕಾಲೇಜಿನ ಪುಸ್ತಿಕೆಯಿಂದ ಅಲ್ಲ. ಅಲ್ಲಿಗೇ ಹೋಗಿ ಎರಡನೆಯ ವರ್ಷದಲ್ಲಿ ಓದುತ್ತಿರುವವರನ್ನು ಆಸ್ಪತ್ರೆಯ ಎದುರಿನ ಟೀ ಅಂಗಡಿಯಲ್ಲಿ ಹಿಡಿಯಬೇಕು. ಮೊದಲನೆಯ ವರ್ಷದವರು ನಿದ್ದೆಗೆಟ್ಟು ಎಲ್ಲವನ್ನೂ ಬೈಯುತ್ತಾರೆ, ಕೊನೆಯ ವರ್ಷದವರು ಬಿಟ್ಟುಹೋಗುವ ಸಂತೋಷದಲ್ಲಿ ಎಲ್ಲವನ್ನೂ ಹೊಗಳುತ್ತಾರೆ. ನಡುವಿನವರು ನಿಜ ಹೇಳುತ್ತಾರೆ. ಶಿಷ್ಯವೇತನ ತಿಂಗಳಿಗೆ ಸರಿಯಾಗಿ ಬರುತ್ತದೆಯೆ, ವಾರಕ್ಕೆ ಎಷ್ಟು ರಾತ್ರಿ ಡ್ಯೂಟಿ, ಹೆಣ್ಣುಮಕ್ಕಳಿಗೆ ಹಾಸ್ಟೆಲು ಆಸ್ಪತ್ರೆಗೆ ಎಷ್ಟು ದೂರ, ಇವೂ ಕೇಳತಕ್ಕವೇ. ನಾಚಿಕೆಪಡಬೇಕಾಗಿಲ್ಲ.

ಪಂಡಿತನಾದ ನನಗೆ ತೋರುವ ಇನ್ನೊಂದು ಸಂಗತಿಯನ್ನು ಸೇರಿಸುತ್ತೇನೆ. ನಮ್ಮ ಹಳ್ಳಿಯ ಮುದುಕಿ "ಎದೆ ಹಿಡ್ಕಂಡದೆ", "ಜೀವ ಜುಂ ಅಂತದೆ" ಎಂದಾಗ ಅದು ಗಾಳಿಯೋ ಗುಂಡಿಗೆಯೋ ಎಂದು ಬಿಡಿಸಿಕೊಳ್ಳಲು ಶಾಸ್ತ್ರದಷ್ಟೇ ಭಾಷೆಯೂ ಬೇಕು. ಮುಂದೆ ಈ ಸೀಮೆಯಲ್ಲೇ ಕೆಲಸ ಮಾಡುವ ಮನಸ್ಸಿದ್ದವರು ಈ ಮಾತನ್ನಾಡುವ ರೋಗಿಗಳ ನಡುವೆ ಕಲಿತರೆ ಅದೊಂದು ಆಸ್ತಿ. ಉತ್ತರದ ದೊಡ್ಡ ಹೆಸರಿನ ಕಾಲೇಜನ್ನೂ ಹಾಸನವನ್ನೂ ತೂಗುವಾಗ ಇದನ್ನೂ ತಕ್ಕಡಿಗೆ ಹಾಕಬೇಕು. ಹೇಗೂ ಯಾವ ಕಾಲೇಜಿಗೆ ಸೇರಿದರೂ ಓದಿನ ನಡುವೆ 3 ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕೆಂದು 2020ರಲ್ಲಿ ನಿಯಮ ಬಂದಿದೆ. ಓದು ಮುಗಿದ ಮೇಲಿನ ಕಡ್ಡಾಯ ಸೇವೆಗೂ ನಮ್ಮ ರಾಜ್ಯದಲ್ಲಿ 2012ರ ಕಾನೂನೊಂದಿದೆ. ಒಂದೊಂದು ರಾಜ್ಯದಲ್ಲಿ ಈ ಕಟ್ಟುಪಾಡು ಒಂದೊಂದು ಬಗೆ, ಬಿಟ್ಟುಹೋದರೆ ತೆರಬೇಕಾದ ದಂಡವೂ ಬೇರೆ ಬೇರೆ. ಹೊರರಾಜ್ಯದ ಸೀಟನ್ನು ಬರೆಯುವ ಮುನ್ನ ಇದನ್ನು ಓದದಿದ್ದರೆ ಆಮೇಲೆ ಪಶ್ಚಾತ್ತಾಪ.

ನನ್ನ ಅರಕಲಗೂಡಿನ ಹುಡುಗ ಹೋದ ಯುಗಾದಿಗೆ ಮನೆಗೆ ಬಂದಿದ್ದ. ಅರಿವಳಿಕೆಯ ಓದು ಎರಡನೆಯ ವರ್ಷ ನಡೆಯುತ್ತಿದೆ. ನಾನು ಹಳೆಯ ಮಾತನ್ನು ಎತ್ತಿದೆ. ಅವನು ನಕ್ಕು, "ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆಯವನು ಇಲ್ಲದಿದ್ದರೆ ಹೊಟ್ಟೆ ಕೊಯ್ದು ಮಗು ತೆಗೆಯೋಕೆ ಆಗಲ್ಲ ಸಾರ್. ಆಂಬುಲೆನ್ಸ್ ಹತ್ತಿಸಿ ಹಾಸನಕ್ಕೆ ಕಳಿಸ್ತಾರೆ. ನಾನೂ ಮಕ್ಕಳ ಡಾಕ್ಟರೇ, ಸ್ವಲ್ಪ ಮುಂಚೆ ಬರ್ತೀನಿ ಅಷ್ಟೆ" ಎಂದ. ಒಳ್ಳೆಯ ಮಾತು. ಆದರೆ ಹೋಗುವಾಗ ನಮ್ಮ ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡು ಅದರ ನೆತ್ತಿಯನ್ನೂ ಕಣ್ಣನ್ನೂ ನೋಡುತ್ತ ಬಹಳ ಹೊತ್ತು ನಿಂತಿದ್ದ. ನಾನು ಅತ್ತ ನೋಡಲಿಲ್ಲ.

ಈಚೆಗೆ ಚನ್ನರಾಯಪಟ್ಟಣದ ಸ್ನೇಹಿತರೊಬ್ಬರು ತಮ್ಮ ಮಗಳ ಪಟ್ಟಿ ಬರೆಯುವ ದಿನ ನನ್ನನ್ನು ಕರೆಸಿಕೊಂಡಿದ್ದರು. ಹುಡುಗಿಗೆ ಹೆರಿಗೆ ವಿಭಾಗವೇ ಬೇಕು. ತಾಯಿಗೆ ಬೆಳ್ಳೂರಿನ ಆದಿಚುಂಚನಗಿರಿ ಕಾಲೇಜಾದರೆ ಬಸ್ಸಿನಲ್ಲಿ ಹೋಗಿ ಊಟ ಕೊಟ್ಟು ಬರಬಹುದೆಂಬ ಆಸೆ. ತಂದೆ ಹಿಂದಿನ ವರ್ಷದ ಲೆಕ್ಕಗಳನ್ನು ಕೆಂಪು ಮಸಿಯಲ್ಲಿ ಗೆರೆ ಎಳೆದು ಇಟ್ಟುಕೊಂಡಿದ್ದರು. ಅವರ ಮನಸ್ಸು ಕ್ಷಕಿರಣ ವಿಭಾಗದ ಮೇಲೆ. ರಾತ್ರಿ ಡ್ಯೂಟಿ ಕಡಿಮೆ, ಹೆಣ್ಣುಮಗುವಿಗೆ ಅನುಕೂಲ ಎಂದು ಅವರ ವಾದ. "ಮೇಷ್ಟ್ರೇ, ನೀವಾದರೂ ಹೇಳಿ" ಎಂದರು. ನಾನು ಒಂದು ಸಲ ಹೇಳಿ ಪಾಠ ಕಲಿತವನು, ಬಾಯಿ ಬಿಡಲಿಲ್ಲ. ಚೀಟಿಗಳನ್ನು ನೆಲದ ಮೇಲೆ ಹರಡಿ, ಎರಡೆರಡನ್ನು ಎತ್ತಿ ಅವಳ ಮುಂದಿಟ್ಟೆ. ಮೈಸೂರಿನ ಚೆಲುವಾಂಬ ಆಸ್ಪತ್ರೆ ಮೇಲೆ ಬಂತು, ಬೆಂಗಳೂರಿನ ವಾಣಿವಿಲಾಸ ಅದರ ಕೆಳಗೆ, ಹಾಸನ ಮೂರನೆಯದು. ಬೆಳ್ಳೂರು ಕೆಳಗಿನಿಂದ ಎರಡು ಸಲ ಮೇಲಕ್ಕೆ ಸರಿದು ಏಳನೆಯದರಲ್ಲಿ ನಿಂತಿತು. ತಾಯಿ ಏನೂ ಅನ್ನಲಿಲ್ಲ. ಐವತ್ತೆರಡು ಸಾಲುಗಳಾದವು. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಅವಳು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ಒಂದು ಸಲ ಗಟ್ಟಿಯಾಗಿ ಓದಿ, ಬೀಗ ಹಾಕುವ ಗುಂಡಿಯನ್ನು ಒತ್ತಿದಳು.

ತಂದೆ ಕನ್ನಡಕ ತೆಗೆದು ಒರೆಸುತ್ತ ಕೇಳಿದರು: "ಕ್ಷಕಿರಣ ಎಷ್ಟನೇದು ಬರೆದೆಯಮ್ಮ?"

"ಬರೆದಿಲ್ಲ ಅಪ್ಪ. ಸಿಕ್ಕರೂ ನಾನು ಹೋಗಲ್ಲ."

ಅವರು ಕೆಂಪು ಗೆರೆಯ ಕಾಗದಗಳನ್ನು ಮಡಿಸಿ ಮೇಜಿನ ಡ್ರಾಯರಿನಲ್ಲಿಟ್ಟು, ಮೇಷ್ಟರಿಗೆ ಕಾಫಿ ತರಲು ಒಳಕ್ಕೆ ಕೂಗಿ ಹೇಳಿದರು.